ತಾಡಪತ್ರಿಯಡಿ ಐನೂರು ನಿಂಬೆಹಣ್ಣು

ದೋಣಿಮಲೈ ಗಣಿಯಲ್ಲಿ ಮೂವತ್ತು ವರ್ಷ ದುಡಿದವನಿಗೆ ಐನೂರು ನಿಂಬೆಹಣ್ಣು ಯಾವ ಲೆಕ್ಕ? ಕಂಪ್ಲಿಯಲ್ಲಿ ಅಕ್ಕನ ಮಗಳ ಮದುವೆ. ಬಂದ ಬೀಗರಿಗೆಲ್ಲ ಕೈಗೊಂದು ನಿಂಬೆಹಣ್ಣು ಕೊಟ್ಟು ಬರಮಾಡಿಕೊಳ್ಳಬೇಕು. ಹಣ್ಣು ನಮ್ಮ ಚೋರನೂರಿನ ತೋಟದ್ದೇ ಎಂದು ಅಕ್ಕನಿಗೆ ಮಾತು ಕೊಟ್ಟುಬಿಟ್ಟೆ. ಮದುವೆಗೆ ಇನ್ನೂ ಹತ್ತು ದಿನವಿತ್ತು.

ಅಷ್ಟರಲ್ಲಿ ಬೂಷ್ಟು ಹಿಡಿಯಬಾರದೆಂದು ಶಿಲೀಂಧ್ರನಾಶಕ ತಂದೆ. ಡಬ್ಬಿಯ ಮೇಲಿನ ಚೀಟಿಯನ್ನು ಗಂಭೀರವಾಗಿ ಅಧ್ಯಯನ ಮಾಡಿದೆ, ಅಂದರೆ ಅಳತೆ ಬರೆದಿದ್ದ ಸಾಲಿನ ತನಕ. ಕೋಲಿನಿಂದ ಬಡಿದು ಹಣ್ಣು ಉದುರಿಸಿದೆ. ಗಣಿಯ ಹೆಲ್ಮೆಟ್, ಕೈಗವಸು, ಮಾಸ್ಕ್ ಧರಿಸಿ, ಒಂದು ಹನಿಯೂ ಹೆಚ್ಚುಕಡಿಮೆಯಾಗದಂತೆ ಔಷಧ ಕಲಸಿ, ಹಣ್ಣು ಅದ್ದಿ ತೆಗೆದೆ.

ಹೆಂಡತಿ ಗಂಗಮ್ಮ ನೋಡಿ ಹೇಳಿದಳು: "ಪೆಟ್ಟು ಬಿದ್ದ ಹಣ್ಣಿಗೆ ಔಷಧ ಏನ್ ಮಾಡೀತು? ಅವನ್ನ ಬ್ಯಾರೆ ತಗೀರಿ. ಉಳಿದದ್ದು ನೆರಳಾಗ ಆರಲಿ, ಮುಚ್ಚಬ್ಯಾಡ್ರಿ."

ಮುಚ್ಚಬಾರದಂತೆ! ತಾಡಪತ್ರಿ ಬಿಗಿಯದ ಅದಿರಿನ ಲಾರಿಯನ್ನು ಮೂವತ್ತು ವರ್ಷ ಗೇಟು ದಾಟಲು ಬಿಡದವನಿಗೆ ಈ ಮಾತು! ಒದ್ದೆ ಹಣ್ಣನ್ನೇ ಗುಡ್ಡೆ ಹಾಕಿ, ತಾಡಪತ್ರಿ ಹೊದಿಸಿ, ನಾಲ್ಕೂ ಕಡೆ ಹಗ್ಗ ಬಿಗಿದೆ.

ಮದುವೆಯ ಹಿಂದಿನ ದಿನ ಬಿಚ್ಚಿದೆ. ಹಸಿರು ಧೂಳು ಭುಸ್ಸೆಂದು ಎದ್ದಿತು. ಸರ್ವೀಸಿನುದ್ದಕ್ಕೂ ಕೆಂಪು ಧೂಳು ಕುಡಿದವನು ನಿವೃತ್ತಿಯಾದ ಮೇಲೆ ಹಸಿರನ್ನೂ ಕುಡಿದೆ! ಅಕ್ಕನಿಗೆ ಇನ್ನು ಯಾವ ಮುಖ ತೋರಿಸಲಿ?

ಗಂಗಮ್ಮ ಬೈಯಲಿಲ್ಲ. ಒಳಗೆ ಕರೆದೊಯ್ದು ತೋರಿಸಿದಳು. ಬಿದಿರಿನ ಬುಟ್ಟಿಗಳಲ್ಲಿ ಐನೂರು ಹಣ್ಣು, ಒಂದಕ್ಕೂ ಕಲೆಯಿಲ್ಲ. ಒಂದೊಂದನ್ನೂ ಗಿಡದಿಂದಲೇ ತೊಟ್ಟು ಉಳಿಸಿ ಕತ್ತರಿಯಿಂದ ಕೊಯ್ದು, ಬಟ್ಟೆಯಲ್ಲಿ ಒರೆಸಿ, ದಿನಾ ಬುಟ್ಟಿ ತಡವಿ ಮೆತ್ತಗಾದದ್ದನ್ನು ತೆಗೆದುಹಾಕಿದ್ದಳು. ಔಷಧದ ಹನಿ ಸೋಕಿಸಿರಲಿಲ್ಲ. ಇದೆಲ್ಲ ಯಾವಾಗ ಎಂದು ಕೇಳಿದೆ. ನಾನು ತಾಡಪತ್ರಿ ಹುಡುಕಲು ಹೋದಾಗಲೇ ಕತ್ತರಿ ಹಿಡಿದಳಂತೆ. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ! ಸಿಟ್ಟು ಬರಬೇಕಿತ್ತು, ಆದರೆ ನಿಜ ಹೇಳುತ್ತೇನೆ, ಕೈ ಮುಗಿಯಬೇಕೆನಿಸಿತು.

ಮದುವೆಯಲ್ಲಿ ಬೀಗರು ಹಣ್ಣು ಮೂಸಿ ಮೂಸಿ ಹೊಗಳಿದರು. ಅಕ್ಕ ಹೆಮ್ಮೆಯಿಂದ ನನ್ನತ್ತ ಕೈ ತೋರಿಸಿದಳು. ನಾನು ತಡೆಯಲಾರದೆ ಎಲ್ಲರೆದುರು ನಿಜ ಒಪ್ಪಿಕೊಂಡು, ಬುಟ್ಟಿಯಲ್ಲಿ ಉಳಿದಿದ್ದ ಕೊನೆಯ ಹಣ್ಣನ್ನು, ದೊಡ್ಡ ಸಾಹೇಬರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಗಂಗಮ್ಮನಿಗೆ ಕೊಟ್ಟೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನಿಮ್ಮ ತಾಡಪತ್ರಿ ಕೆಳಗಿಂದಲ್ಲ, ಹೌದಲ್ರೀ?"

ಅಲ್ಲ ಎಂದು ನಾನು ಆಣೆ ಮಾಡಿದ ಮೇಲೆಯೇ ಸೆರಗಿಗೆ ಕಟ್ಟಿಕೊಂಡಳು.