ಜೋಳದ ಹೊಲದ ವಿಮಾನ ಮತ್ತು ನಮ್ಮ ಭಾವ

ನಮ್ಮ ಭಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವ ಹಕ್ಕು ಅಕ್ಕನಿಗೆ ಮಾತ್ರ. ಅವಳು ಅದನ್ನು ದಿನಾ ಚಲಾಯಿಸುತ್ತಾಳೆ! ಕುವೈತಿನ ಶುವೈಖ್‌ನಲ್ಲಿ ನೀರಿನ ಪಂಪು ಮಾರುವ ಈ ಮಂಗಳೂರಿನ ಮನುಷ್ಯ ಅಮೆರಿಕಕ್ಕೆ ಕಾಲಿಟ್ಟವರೇ ಅಲ್ಲ. ಆದರೂ ಅಲ್ಲಿನ ಜೋಳದ ಸೀಮೆಯ ಒಂದು ಪುಟ್ಟ ಪಟ್ಟಣದಲ್ಲಿ ಮೊದಲ ವಿಮಾನ ಹೇಗೆ ಹಾರಿತು ಎಂಬುದೇ ಇವರ ಸರ್ವಸ್ವ ಎಂದರೆ ನಂಬುತ್ತೀರಾ?

ಈ ಗೀಳು ಹತ್ತಿಸಿದವರು ಆ ಪಟ್ಟಣದಿಂದಲೇ ಬಂದು ಇವರ ಆಫೀಸಿನಲ್ಲಿದ್ದ ಹಿರಿಯ ಎಂಜಿನಿಯರ್. ಅವರ ಅಜ್ಜನದು ಸೈಕಲ್ ರಿಪೇರಿ ಅಂಗಡಿ. ಮರದ ಪಟ್ಟಿ, ಬಟ್ಟೆ, ಸೈಕಲ್ ಚೈನು ಸೇರಿಸಿ ಆ ಅಜ್ಜ ತಾವೇ ವಿಮಾನ ಕಟ್ಟಿದರಂತೆ. ಊರಿಗೆ ಊರೇ ಬಾಯಿ ಬಿಟ್ಟು ನೋಡುತ್ತಿರುವಾಗ ಜೋಳದ ಹೊಲದಿಂದ ಮೇಲೇರಿ, ನೇರವಾಗಿ ಮೇಯರ್ ಸಾಹೇಬರ ಬಾತುಕೋಳಿ ಕೊಳಕ್ಕೆ ಬಿದ್ದರಂತೆ! ಎಂಜಿನಿಯರ್ ನಿವೃತ್ತರಾಗಿ ಊರಿಗೆ ಹೋದರು. ಕಥೆ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಒಮ್ಮೆ ಸ್ನೇಹಿತರ ಮಗುವಿನ ನಾಮಕರಣದ ಊಟದಲ್ಲಿ ಭಾವ ಈ ಕಥೆ ಹೇಳುತ್ತಾ ಎರಡೂ ಕೈ ಚಾಚಿ, ಒಂದರಲ್ಲಿ ಹಪ್ಪಳ ಹಿಡಿದೇ ವಿಮಾನವಾದರು. ಕೊಳಕ್ಕೆ ಬೀಳುವ ಹೊತ್ತಿಗೆ ಅವರ ಕಣ್ಣೂ ತುಂಬಿತು. ಪಕ್ಕದಲ್ಲಿದ್ದ ಹೆಂಗಸು ಗಾಬರಿಯಿಂದ ಅಕ್ಕನ ಕೈ ಹಿಡಿದರು.

"ಛೆ, ಅಜ್ಜ ಯಾವಾಗ ಹೋದದ್ದು ಮಾರಾಯ್ತಿ? ಮುಖ ನೋಡ್ಲಿಕ್ಕಾದ್ರೂ ಸಿಕ್ಕಿತಾ?"

"ಹೋಗಿ ಕಾಲ ಆಯ್ತು," ಅಂದಳು ಅಕ್ಕ. "ಇವರು ಬಿಡ್ಬೇಕಲ್ಲ!"

ಕಟ್ಟಡ ಕಾಯುವವನಿಗೆ ಇಲ್ಲಿ 'ಹಾರಿಸ್' ಎನ್ನುತ್ತಾರೆ. ಭಾವ ಅದನ್ನು ಆಜ್ಞೆ ಎಂದೇ ತಿಳಿದರೋ ಏನೋ! ಕಡಲ ದಡದ ಫಿಂಟಾಸ್ ಬಡಾವಣೆಯಲ್ಲಿ ತಮ್ಮ ಫ್ಲ್ಯಾಟಿನ ತಾರಸಿಯ ಮೇಲೆ ಅಕ್ಕನ ಹೊಸ ಬೆಡ್‌ಶೀಟಿನಿಂದ ಒಂದು ರೆಕ್ಕೆ ಕಟ್ಟಿದರು. ಸಮುದ್ರದ ಗಾಳಿ ಬೀಸಿತು. ರೆಕ್ಕೆ ಹೋಗಿ, ಕೆಳಗೆ ಕಾರು ತೊಳೆಯುತ್ತಿದ್ದ ಹಾರಿಸನ ಮೇಲೇ ಕವುಚಿತು! ಈಜಿಪ್ಟಿನ ಆ ಮನುಷ್ಯ ಬೆಡ್‌ಶೀಟು ಸುತ್ತಿಕೊಂಡೇ "ಏ ದಾ? ಇದೇನಿದು?" ಎಂದು ಅರಚುತ್ತಾ ಮೇಲೆ ಬಂದ. ನಾವು ನಡುಗುತ್ತಿದ್ದರೆ ಭಾವ ಮಾತ್ರ ಹಿಗ್ಗಿನಿಂದ ಕೇಳಿದರು: "ಸೀದಾ ಬಂತಾ ಭಾಯಿ, ಅಡ್ಡಡ್ಡ ಬಂತಾ?"

ಮೊನ್ನೆ ಶುಕ್ರವಾರ ಅವರ ಮನೆಗೆ ಹೋದಾಗ ಒಳಕೋಣೆಯಿಂದ ಅದೇ ಕಥೆ ಇಂಗ್ಲಿಷಿನಲ್ಲಿ ಕೇಳಿಸಿತು. ಯಾರಪ್ಪಾ ಸಿಕ್ಕಿಬಿದ್ದವರು ಎಂದು ಇಣುಕಿದೆ. ಕಂಪ್ಯೂಟರಿನ ಪರದೆಯಲ್ಲಿ ಅದೇ ಎಂಜಿನಿಯರ್! ಅರ್ಧಕ್ಕರ್ಧ ಇಳಿದುಹೋಗಿದ್ದರು. ಹಿಂದೆ ಅವರ ಮಗಳು ನಿಂತಿದ್ದಳು.

"ಮರೆವಿನ ಕಾಯಿಲೆ," ಅಕ್ಕ ಪಿಸುಗುಟ್ಟಿದಳು. "ಮಗಳ ಗುರ್ತವೂ ಇಲ್ಲ ಈಗ. ಇವರು ವಾರ ವಾರ ಕೂತು ಹೇಳ್ತಾರೆ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಮುದುಕರು ಮಗುವಿನಂತೆ ನಗುತ್ತಿದ್ದರು. "ಅಷ್ಟು ಧೈರ್ಯದ ಮನುಷ್ಯ ಯಾರಪ್ಪಾ?"

"ನಿಮ್ಮ ಅಜ್ಜ, ಸರ್."

"ನನ್ನ ಅಜ್ಜನಾ!" ಅವರು ಭಾವನನ್ನೇ ದಿಟ್ಟಿಸಿದರು. "ನಿನಗೆ ಇದೆಲ್ಲ ಹೇಗೆ ಗೊತ್ತು? ನೀನು ನಮ್ಮೂರಿನವನಾ?"

ಭಾವ ತಡವರಿಸಲಿಲ್ಲ.

"ಹೌದು ಸರ್. ನಿಮ್ಮ ಪಕ್ಕದ ಮನೆ."