ನೀರಿಗೆ ಬಿದ್ದ ಎಮ್ಮಿಹಾಳ

ನಮ್ಮ ಕಡೆ ಊರ ಹೆಸರೇ ಮನೆತನದ ಅಡ್ಡಹೆಸರು. ಊರು ಎಮ್ಮಿಹಾಳ, ನಾವೂ ಎಮ್ಮಿಹಾಳ. ಆ ಹೆಸರು ಅಲ್ಲಿ ಕಾಡಿದ್ದು ಸಾಲದೆ, ಮಕ್ಕಳ ಬೆನ್ನು ಹತ್ತಿ ನೆದರ್ಲೆಂಡ್ಸಿಗೂ ಬಂದಿದೆ.

ಬಂಗಾರದ ಊರು

ಹಳ್ಳದಲ್ಲಿ ಎಮ್ಮೆ ಬೀಳುತ್ತಿದ್ದವು, ಅದಕ್ಕೇ ಎಮ್ಮಿಹಾಳ ಅಂತ ನಮ್ಮ ಮಾವನವರು. "ಅಲ್ಲರೀ, ರಾಜರ ಕಾಲಕ್ಕ ಇದು ಹೇಮಹಾಳ. ಹೇಮ ಅಂದ್ರ ಬಂಗಾರ," ಅಂತ ಸಾಲಿ ಮಾಸ್ತರು. ಊರು ಎರಡಾಯಿತು. ಎಮ್ಮೆಯವರ ಮನೆಯ ಮದುವೆಗೆ ಬಂಗಾರದವರು ಬರಲಿಲ್ಲ. ಆಮೇಲೆ ಅಣೆಕಟ್ಟಿನ ನೀರು ಬಂತು, ಎರಡೂ ಪಾರ್ಟಿಯ ಮನೆಗಳನ್ನು ಒಟ್ಟಿಗೇ ನುಂಗಿತು. ಯಾರದು ಖರೆ ಅಂತ ಈಗ ಮೀನುಗಳನ್ನು ಕೇಳಬೇಕು.

ಅಣ್ಣತಮ್ಮ

ನೆದರ್ಲೆಂಡ್ಸಿನಲ್ಲಿ ದೊಡ್ಡ ಮಗ ಎನ್ಸ್‌ಕೆಡೆ ಅನ್ನುವ ಊರಲ್ಲಿ, ಸಣ್ಣವನು ನ್ಯೂವೆಗೈನಿನಲ್ಲಿ; ನಾನು ಸಣ್ಣವನ ಮನೆಯಲ್ಲಿ. ಸಾಲಿಗೆ ಹಚ್ಚಿದಾಗ ಒಬ್ಬೊಬ್ಬ ಮಾಸ್ತರು ಊರ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದು ಥರ ಬರೆದಿದ್ದರು. ಇಲ್ಲಿಯ ನಗರಸಭೆಗೆ ನನ್ನ ಕಾಗದಪತ್ರದ ಕೆಲಸಕ್ಕೆ ಇಬ್ಬರೂ ಮಕ್ಕಳ ಜೊತೆ ಹೋದಾಗ ಕೌಂಟರಿನ ಹುಡುಗಿಗೆ ಅನುಮಾನ: ಇವರು ಅಣ್ಣತಮ್ಮ ಹೌದೋ ಅಲ್ಲೋ?

"ಹಡೆದಾಕಿ ನಾ ಇಲ್ಲೇ ನಿಂತೇನಿ, ನನ್ನ ಕೇಳಲಿ," ಅಂದೆ. ಅದನ್ನು ಯಾರೂ ಅವಳಿಗೆ ತಿಳಿಸಲಿಲ್ಲ. ಅಷ್ಟರಲ್ಲಿ ಇವರಿಬ್ಬರೂ, "ನಿಂದ ತಪ್ಪು," "ನಿಮ್ಮ ಮಾಸ್ತರ ಕುಡುಕ," ಅಂತ ಶುರು ಹಚ್ಚಿದ್ದರು. ಅವಳು ಸ್ವಲ್ಪ ಹೊತ್ತು ನೋಡಿ, ಅಣ್ಣತಮ್ಮಂದಿರೇ ಅಂತ ಒಪ್ಪಿಕೊಂಡಳು.

ಬಾಗಿಲ ಮುಂದೆ

ಊರು ಅಂತ ಉಳಿದಿದ್ದು ಸಣ್ಣವನ ಬಾಗಿಲ ಹಲಗೆಯ ಮೇಲೆ ಮಾತ್ರ. ಅದನ್ನೂ ತೆಗೆದು ಗಂಡಹೆಂಡಿರ ಹೆಸರಷ್ಟೇ ಬರೆಸಿದರು.

"ಇಲ್ಲಿಯವರು ಅರ್ಥ ಕೇಳ್ತಾರ್ರೀ ಅತ್ತಿ. ಎಮ್ಮಿ ಅಂತ ಹೆಂಗ ಹೇಳೂದು?" ಅಂದಳು ಸೊಸೆ.

"ಊರು ಸರಕಾರದವ್ರು ಮುಳುಗಿಸಿದ್ರು. ಹೆಸರು ನೀವು ಮುಳುಗಿಸ್ರಿ," ಅಂದೆ.

ಇಂಗ್ಲಿಷ್ ಅಕ್ಷರ ನನಗೆ ಬರದು, ರಂಗೋಲಿ ಬರುತ್ತದೆ. ದಿನಾ ಬೆಳಿಗ್ಗೆ ಬಾಗಿಲ ಮುಂದೆ ಒಂದು ಎಮ್ಮೆ ಬಿಡಿಸತೊಡಗಿದೆ, ಕೋಡು ಬಾಗಿದ್ದು, ಹೊಟ್ಟೆ ತುಂಬಿದ್ದು. ಮಳೆ ಅಳಿಸಿದರೆ ಮತ್ತೊಂದು. ಓಣಿಯವರು ಸೈಕಲ್ ನಿಲ್ಲಿಸಿ ನೋಡುವರು. ಪಾರ್ಸಲ್ ತರುವವನಿಗೂ ಅದೇ ಗುರುತು.

ಒಂದು ಸಂಜೆ ಮಗ ನಗುತ್ತಾ ಬಂದ. "ಅವ್ವಾ, ನೀನ ಗೆದ್ದಿ. ಓಣಿ ತುಂಬ ನಮ್ಮ ಮನೀಗೆ ಹೊಸಾ ಹೆಸರು ಬಿದ್ದೇತಿ."

"ಏನಂತ?"

"ಆಕಳ ಮನಿ."

"ಅದು ಎಮ್ಮಿ ಅಂತ ಹೇಳಲಿಲ್ಲೇನು?"

ಅವನು ಹೆಂಡತಿಯ ಮುಖ ನೋಡಿದ. "ಆಕಳಾ ಇರಲಿ ಬಿಡ್ರಿ ಅತ್ತಿ," ಅಂದಳು ಅವಳು, "ಕೇಳಾಕ ಛಲೋ ಐತಿ."

ಈಗ ಬಾಗಿಲಿಗೆ ಹೊಸ ಹಲಗೆ ಬಂದಿದೆ, ಕಪ್ಪು ಬಿಳಿ ಮಚ್ಚೆಯ ಆಕಳು. ಮೊನ್ನೆ ಬಂದ ಬೆಂಗಳೂರಿನವರಿಗೆ ಸೊಸೆ ವಿವರಿಸುತ್ತಿದ್ದಳು: "ನಮ್ಮತ್ತಿ ಊರು ಮೊದಲಿಂದನೂ ಆಕಳಿಗೇ ಹೆಸರುವಾಸಿ."

ಮೀನುಗಳಿಗೆ ಮಾತ್ರ ಇನ್ನೂ ಯಾರೂ ತಿಳಿಸಿಲ್ಲ.