ಮೂಲ ಕೇಳಿದ್ದಕ್ಕೆ

ಜೂನ್ ಹನ್ನೆರಡು. ಚನ್ನಗಿರಿಯಲ್ಲಿ ಬೆಳಗಿನಿಂದ ಬಿರುಬಿಸಿಲು. ನಮ್ಮ ಬಂಧುಗಳ ವಾಟ್ಸಪ್ ಗುಂಪಿನಲ್ಲಿ ಮಾತ್ರ ಜಿಲ್ಲೆಗೆಲ್ಲ ಭಾರಿ ಮಳೆ. ಇಂಥದ್ದು ನಮ್ಮಲ್ಲಿ ದಿನಾ ಆಗುತ್ತಿರುತ್ತದೆ. ವೇದಾಂತ, ವಿಜ್ಞಾನ, ದೇವರು, ಚುನಾವಣೆ ಎಲ್ಲವೂ ಕಾಫಿಗೆ ಮೊದಲೇ ಬಂದು ಬೀಳುತ್ತವೆ. ನಾನು ಎಲ್ಲವನ್ನೂ ಓದುತ್ತೇನೆ, ಯಾವುದನ್ನೂ ನಂಬುವುದಿಲ್ಲ. ಭೂದಾಖಲೆ ಕಚೇರಿಯ ಗುಮಾಸ್ತ. ಮೂಲ ದಾಖಲೆ ನೋಡದೆ ಒಂದು ಕಡತವನ್ನೂ ಮುಂದಕ್ಕೆ ಕಳಿಸಿದವನಲ್ಲ. ಅದೇ ಚಾಳಿಯಲ್ಲಿ, ಗುಂಪಿಗೆ ಏನು ಬಂದರೂ ಕೆಳಗೆ ಒಂದೇ ಮಾತು ಬರೆಯುತ್ತಿದ್ದೆ: "ಮೂಲ?"

ಎಲ್ಲಿಂದ ಬಂದದ್ದು ಎಂದು ಅದರ ಅರ್ಥ. ಹಾಗೆಂದು ನಾನೊಬ್ಬನೇ ತಿಳಿದಿದ್ದೆ.

೧. ನ್ಯಾಮತಿಯ ಗಡ್ಡೆ

ನ್ಯಾಮತಿಯ ನಮ್ಮ ಸೋದರತ್ತೆ, ಗ್ರಹಗಳೆಲ್ಲ ಒಂದೇ ಸಾಲಿಗೆ ಬರುವುದರಿಂದ ದಿಂಬಿನ ಬಳಿ ಫೋನ್ ಇಡಬಾರದೆಂದು ವಿಜ್ಞಾನಿಗಳು ಹೇಳಿದ್ದಾರೆ ಎಂದು ಕಳಿಸಿದರು. ನಾನು "ಮೂಲ?" ಎಂದೆ.

ಮರುದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಾಲ್ಕು ಕೆಜಿ ಸುವರ್ಣಗಡ್ಡೆ ಬಂತು. ಹಿಂದೆಯೇ ನನ್ನ ಹೆಂಡತಿಗೆ ಅತ್ತೆಯ ಫೋನು. "ಮೂಲವ್ಯಾಧಿ ಎಷ್ಟು ದಿನದಿಂದ ಐತವ್ವ ಅವನಿಗೆ? ಪಾಪ, ಬಾಯಿಬಿಟ್ಟು ಹೇಳಾಕೆ ನಾಚಿಕೆ."

ಗಡ್ಡೆ ಹಾಳಾಗಬಾರದೆಂದು ಹೆಂಡತಿ ವಾರವಿಡೀ ಅದರದೇ ಪಲ್ಯ ಮಾಡಿದಳು. ಇಲ್ಲದ ರೋಗ ವಾಸಿಯಾಯಿತೆಂದು ಅತ್ತೆ ಗುಂಪಿನಲ್ಲಿ ಬರೆದರು. ಹನ್ನೊಂದು ಜನ ಕೈಮುಗಿದರು.

೨. ಹೊನ್ನಾಳಿಗೆ ಬಂದ ಗ್ರೀಕ

ಹೊನ್ನಾಳಿಯಲ್ಲಿರುವ ನಮ್ಮಣ್ಣನದು ರಾಜಕೀಯ. ಪ್ರಜಾಪ್ರಭುತ್ವ ಹಾಳಾಗುತ್ತದೆಂದು ಗ್ರೀಸಿನ ತತ್ತ್ವಜ್ಞಾನಿಯೊಬ್ಬ ಅಂದೇ ಹೇಳಿದ್ದನಂತೆ. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಗುಂಡಿಯನ್ನೂ ಅವನೇ ಮುಂಗಂಡಿದ್ದ ಹಾಗಿತ್ತು ಆ ಬರಹ. ಮೂಲ ಕೇಳಿದೆ.

ಅಣ್ಣ ಫೋನ್ ಮಾಡಿದ. "ಗ್ರೀಸ್ ಅಂತ ಬರ್ದೈತಲ್ಲೋ, ಇನ್ಯಾವ ಮೂಲ ಬೇಕು?"

ಅವನ ಊರಲ್ಲ, ಅದನ್ನು ಎಲ್ಲಿ ಹೇಳಿದ್ದಾನೆ ಎಂದು ಕೇಳಿದ್ದು ಎಂದೆ. ಅಣ್ಣನ ದನಿ ತಗ್ಗಿತು. "ಸತ್ತು ಎರಡು ಸಾವಿರ ವರ್ಷ ಆದೋನ ಮ್ಯಾಲೂ ಅನುಮಾನ ಪಡ್ತೀಯಲ್ಲ, ನನ್ನ ಬಗ್ಗೆ ಏನಂದ್ಕೊಂಡಿದೀಯೋ ಏನೋ."

೩. ಜಗಳೂರಿನ ನಕ್ಷತ್ರ

ಅಣ್ಣನ ಮಗನಿಗೆ ಜಗಳೂರಿನ ಹೆಣ್ಣು ಗೊತ್ತಾಯಿತು. ಹುಡುಗ ಹುಡುಗಿ ಒಪ್ಪಿದ್ದರು. ಹುಡುಗಿಯ ತಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಂಥದ್ದನ್ನೆಲ್ಲ ನಂಬುವುದಿಲ್ಲ, ಜಾತಕವನ್ನೇ ಬರೆಸಿಲ್ಲ ಎಂದಿದ್ದರು. ಅಣ್ಣ ಬೀಗರನ್ನು ಗುಂಪಿಗೆ ಸೇರಿಸಿದ. ಮೊದಲ ದಿನವೇ ಅವರು ಮಗಳ ಫೋಟೋ ಹಾಕಿ ಕೆಳಗೊಂದು ಸಾಲು ಬರೆದರು: "ಮಗಳೆಂದರೆ ತಂದೆಯ ಬಾಳಿನ ನಕ್ಷತ್ರ ಎಂದಿದ್ದಾರೆ ಹಿರಿಯರೊಬ್ಬರು."

ಯಾವ ಹಿರಿಯರು ಎಂಬ ಅನುಮಾನ ನನಗೆ. "ಮೂಲ?" ಎಂದೆ.

ಹತ್ತು ನಿಮಿಷದಲ್ಲಿ ಮೇಷ್ಟ್ರು ಗುಂಪು ಬಿಟ್ಟರು. ಅಣ್ಣ ಫೋನ್ ಮಾಡಿ, ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲ ಅಂತಾರಲ್ಲ, ಹುಡುಗಿಯದು ಅದೇ ನಕ್ಷತ್ರವೆಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ. ನನಗೇನೂ ಗೊತ್ತಿಲ್ಲ ಎಂದರೆ ಅವನು ನಂಬಲಿಲ್ಲ.

"ಬರೀ ಕೇಳಿದ್ದಕ್ಕೇ ಎದ್ದು ಹೋದ್ರು ಅಂದ್ರೆ ಮೂಲಾನೇ ಐತೆ ಬಿಡು. ಮಾವ ಯಾರು? ನಾನೇ ಅಲ್ಲೇನೋ."

ಮದುವೆ ನಿಂತಿತು. ಹೆಂಡತಿ ನನ್ನ ಕೈಗೆ ಬಸ್ ಚಾರ್ಜು ಕೊಟ್ಟು, ಸರಿಮಾಡಿಕೊಂಡು ಬನ್ನಿ ಎಂದಳು.

೪. ಇಬ್ಬರ ಧೈರ್ಯ

ಜಗಳೂರಿನಲ್ಲಿ ಮೇಷ್ಟ್ರು ಮುಖ ಕೊಟ್ಟು ಮಾತಾಡಲಿಲ್ಲ. ನಾನು ಕೇಳಿದ್ದು ಆ ಮಾತಿನ ಮೂಲ, ಹುಡುಗಿಯ ನಕ್ಷತ್ರವಲ್ಲ ಎಂದು ಮೂರು ಸಲ ವಿವರಿಸಿದೆ. ನಕ್ಷತ್ರದ ವಿಷಯ ನಿಮಗೆ ಯಾರು ಹೇಳಿದ್ದು ಎಂದು ಅವರು ನಾಲ್ಕನೆಯ ಸಲ ಕೇಳುವಾಗ ಹುಡುಗಿಯೇ ಬಂದು ಎದುರು ಕೂತಳು.

"ನಂದು ಮೂಲಾನೇ ರೀ. ಇದಕ್ಕೇ ಎರಡು ಕಡೆ ಬ್ಯಾಡ ಅಂದ್ರು. ಮುಚ್ಚಿಡಬ್ಯಾಡ ಅಂತ ಅಪ್ಪಗೆ ಹೇಳಿದ್ದೆ. ನಿಮ್ಮಣ್ಣಾರಿಗೆ ಬಿಪಿ ಐತಂತಲ್ಲ, ದಿನಾ ಮಾತ್ರೆ ತಗೊಂತಾರಾ?"

ತೆಗೆದುಕೊಳ್ಳುವುದಿಲ್ಲ ಎಂದೆ.

"ಮತ್ತೆ ನನ್ನ ನಕ್ಷತ್ರದ ಮ್ಯಾಲೆ ಯಾಕೆ ಹಾಕ್ತೀರಿ?"

ಇದನ್ನು ಅಲ್ಲಿಂದಲೇ ಫೋನಿನಲ್ಲಿ ಅಣ್ಣನಿಗೆ ಹೇಳಿದೆ. ಹುಡುಗಿ ಚುರುಕಿದ್ದಾಳೆ ಎಂದ. ನಂಬಿಕೆಯಿಂದಲ್ಲ, ಯಾವುದಕ್ಕೂ ಇರಲಿ, ಹೆಣ್ಣಿನ ಕಡೆಯವರು ಒಂದು ಶಾಂತಿಹೋಮ ಮಾಡಿಸಲಿ ಎಂದೂ ಸೇರಿಸಿದ. ಮೇಷ್ಟ್ರು, ಹಾಗಾದರೆ ಅವರೂ ಒಂದು ಜೀವವಿಮೆ ಮಾಡಿಸಲಿ, ಯಾವುದಕ್ಕೂ ಇರಲಿ ಎಂದರು. ಮದುವೆ ಮತ್ತೆ ಗಟ್ಟಿಯಾಯಿತು.

ಒಂದೇ ತೊಡಕು. ಹೋಮದ ರಸೀದಿಯಲ್ಲಿ ತಮ್ಮ ಹೆಸರು ಕಂಡರೆ ಶಾಲೆಯಲ್ಲಿ ತಲೆಯೆತ್ತುವ ಹಾಗಿಲ್ಲ ಎಂದರು ಮೇಷ್ಟ್ರು. ವಿಮೆಯ ಹಣ ತನ್ನ ಫೋನಿನಿಂದ ಹೋದರೆ ಹೆದರಿದ್ದು ಮನೆಯವರಿಗೆ ತಿಳಿಯುತ್ತದೆ ಎಂದ ಅಣ್ಣ. ಸದ್ಯಕ್ಕೆ ಎರಡನ್ನೂ ನಾನೇ ಕಟ್ಟಬೇಕೆಂದು ಇಬ್ಬರೂ ಒಪ್ಪಿದರು. ಅವರಿಬ್ಬರು ಅಷ್ಟು ಬೇಗ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಮದುವೆಯಾಗಿ ಈಗ ಮೂರು ತಿಂಗಳು. ಅಣ್ಣ ಗಟ್ಟಿಮುಟ್ಟಾಗಿದ್ದಾನೆ, ಸೊಸೆ ಎದುರು ನಿಂತು ಮಾತ್ರೆ ನುಂಗಿಸುತ್ತಾಳೆ. ಇವತ್ತು ಮಳೆಯ ಸುದ್ದಿಗೆ ನಾನು ಏನೂ ಬರೆಯದೆ ಫೋನ್ ಕೆಳಗಿಟ್ಟದ್ದನ್ನು ಕಂಡು ಹೆಂಡತಿಗೆ ಅನುಮಾನ ಬಂತು. ಬೀಗರೂ ಅಣ್ಣನೂ ದುಡ್ಡು ವಾಪಸ್ಸು ಕೊಟ್ಟರೇ ಎಂದಳು.

"ನಾನು ಕೇಳಿಲ್ಲ. ಕೇಳೋದನ್ನೇ ಬಿಟ್ಟಿದ್ದೀನಿ."

"ಎರಡೂ ಸೇರಿ ಎಷ್ಟು?"

"ಇಪ್ಪತ್ನಾಲ್ಕು ಸಾವಿರ."

ಅವಳು ಬೆರಳು ಮಡಚಿ ಎಣಿಸಿದಳು. "ಮೂ, ಲ. ಅಕ್ಷರಕ್ಕೆ ಹನ್ನೆರಡು ಸಾವಿರ ಬಿತ್ತು ನೋಡ್ರಿ."